ನೀಲಾ, ಬೂದಿಯ ಹೊಟ್ಟೆ ತುಂಬಿತ್ತು

ನೀಲಾ, ನಮ್ಮ ಮೊಲ ಬೂದಿ ನಿನ್ನ ಕೈಯಲ್ಲಿ ತಿನ್ನಲಿಲ್ಲ ಎಂದು ಇಡೀ ಮನೆ ನಂಬಿದೆ. ನೀನೂ ನಂಬಿದ್ದೀಯ. ಅದು ಸುಳ್ಳು. ನೀನು ಸಿರಿಂಜು ಹಿಡಿದು ಆ ಮೊಲದ ಮುಂದೆ ಕೂರುವಷ್ಟರಲ್ಲಿ ಅದರ ಹೊಟ್ಟೆಯನ್ನು ನಾನು ತುಂಬಿಸಿರುತ್ತಿದ್ದೆ — ಕದ್ದು, ನಿನಗೆ ಗೊತ್ತಾಗದಂತೆ, ಬೇಕೆಂದೇ.

ಮೂರು ವರ್ಷ ಇದನ್ನು ನುಂಗಿಕೊಂಡು ನಿನ್ನ ಜೊತೆ ಒಂದೇ ಒಲೆಯಲ್ಲಿ ಅಡುಗೆ ಮಾಡಿದ್ದೇನೆ. ಇನ್ನೂ ನುಂಗುತ್ತಿದ್ದೆನೇನೋ. ಆದರೆ ಮೊನ್ನೆ ನೀನು ಪಾಪುವನ್ನು ಮಡಿಲಲ್ಲಿ ಹಾಕಿಕೊಂಡು ಒಂದು ಮಾತು ಕೇಳಿದೆಯಲ್ಲ — ಅದಾದ ಮೇಲೆ ನನಗೆ ಊಟ ಸೇರುತ್ತಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹೊಟ್ಟೆಕಿಚ್ಚಿನ ವಿಷಯ.

ನೀನು ಚಿಕ್ಕ ಸೊಸೆಯಾಗಿ ಈ ಮನೆಗೆ ಬಂದಾಗ ನಾನು ಬಂದು ಹನ್ನೆರಡು ವರ್ಷವಾಗಿತ್ತು. ಹನ್ನೆರಡು ವರ್ಷವೂ ರೇಷ್ಮೆ ಹುಳುವಿನ ಮನೆ ನನ್ನದೇ. ತಟ್ಟೆ ತೊಳೆದದ್ದು, ಹಿಕ್ಕೆ ಬಳಿದದ್ದು, ಸೊಪ್ಪು ಹೊತ್ತು ನೆತ್ತಿ ಸವೆಸಿಕೊಂಡದ್ದು ಎಲ್ಲ ನಾನು. ಮರಿಹುಳು ಮನೆಗೆ ಬಂದ ದಿನ ಮೊದಲ ಸೊಪ್ಪು ಹಾಕುವವಳೂ ನಾನೇ. ನೀನು ಲೊಕ್ಕನಹಳ್ಳಿಯವಳು, ರಾಗಿ ಜೋಳ ಕಂಡವಳು. ಮದುವೆಯಾಗಿ ಬಂದ ಹೊಸದರಲ್ಲಿ ಹುಳು ಕಂಡು ಮೈ ಜುಮ್ಮೆಂದು ಬಾಗಿಲಲ್ಲೇ ನಿಂತುಬಿಟ್ಟಿದ್ದೆ, ನೆನಪಿದೆಯೇ? ಅದನ್ನು ನೋಡಿ ನಾನು ನಕ್ಕಿದ್ದೆ. ಒಳ್ಳೆಯ ನಗುವಲ್ಲ ಅದು.

ಆ ವರ್ಷ ನನಗೆ ಜ್ವರ ಬಂತು. ನನ್ನ ಬದಲು ನೀನು ಮೊದಲ ಸೊಪ್ಪು ಹಾಕಿದೆ. ಬೆಳೆ ಹೇಗೆ ಬಂತೆಂದರೆ, ಗೂಡು ನೋಡಲು ಪಕ್ಕದ ಬೀದಿಯಿಂದ ಜನ ಬಂದರು. "ಚಿಕ್ಕವುಳ್ ಕೈಗುಣ ಬಲು ಒಳ್ಳೇದು ಕಣ್ರವ್ವ" ಎಂದು ಅತ್ತೆ ಸಾರಿದ್ದೇ ಸಾರಿದ್ದು. ಅಲ್ಲಿಂದ ಮುಂದೆ ಮೊದಲ ಸೊಪ್ಪು ನಿನ್ನದು, ಆಚೆಮನೆಯ ಬಾಣಂತಿಯ ಮಗುವಿಗೆ ಮೊದಲ ನೀರು ಹಾಕುವುದು ನಿನ್ನದು, ಬೀದಿಯಲ್ಲಿ ಯಾರೇ ಸಸಿ ನೆಟ್ಟರೂ ಮೊದಲ ಸಸಿ ನಿನ್ನದು. ನಾನು ತಟ್ಟೆ ತೊಳೆಯುವವಳು. ಹನ್ನೆರಡು ವರ್ಷದ ನನ್ನ ಕೈ — ಅದಕ್ಕೆ ಗುಣವೇ ಇರಲಿಲ್ಲವೇ? ಯಾರೂ ಹಾಗೆ ಅನ್ನಲಿಲ್ಲ, ನಿಜ. ಅನ್ನದೆಯೇ ಪಕ್ಕಕ್ಕೆ ಸರಿಸಿದರು.

ಅದನ್ನೂ ಸಹಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಮಗಳು ಸಿಂಚನಾ ಕೂಡ ನಿನ್ನ ಕಡೆಗೆ ವಾಲಿದಳು. ಜಡೆಗೆ ಚಿಕ್ಕಮ್ಮ, ಗುಟ್ಟಿಗೆ ಚಿಕ್ಕಮ್ಮ, ಮೊಲಕ್ಕೂ ಚಿಕ್ಕಮ್ಮ. ಮೈಸೂರಿನ ಹಾಸ್ಟೆಲಿಗೆ ಹೋಗುವಾಗ ತಾನು ಸಾಕಿದ ಬೂದಿಯನ್ನು ಬಿಟ್ಟುಹೋದದ್ದು ನಿನ್ನ ಹತ್ತಿರ. ಆ ಮೊಲ ಬಸುರಿಲ್ಲದೆಯೂ ಮೈಯ ಕೂದಲು ಕಿತ್ತು ಗೂಡು ಕಟ್ಟುತ್ತ, ಕೈ ಹಾಕಿದರೆ ಕಚ್ಚುತ್ತ ಇದ್ದಾಗ, ರಜೆಗೆ ಬಂದವಳು ಅಪ್ಪನನ್ನು ಎಳೆದುಕೊಂಡು ಮೈಸೂರಿನ ಡಾಕ್ಟರ ಹತ್ತಿರ ಹೋಗಿ ಅದರ ಗರ್ಭಕೋಶ ತೆಗೆಸಿ ತಂದಳು. ಇಲ್ಲದಿದ್ದರೆ ಮುಂದೆ ಗಡ್ಡೆಯಾಗುತ್ತದೆ ಎಂದಿದ್ದರಂತೆ. "ಮೊಲಕ್ಕೂ ಆಪ್ರೇಸನ್ನಾ! ಇನ್ ಬಾಣಂತನ ಒಂದ್ ಬಾಕಿ" ಎಂದು ಅತ್ತೆ ಬಾಯಿ ಬಡಿದುಕೊಂಡರು.

ಮಾರನೆಯ ದಿನವೇ ಅವಳಿಗೆ ಕಾಲೇಜು. ಹೊರಡುವಾಗ ಔಷಧಿಯ ಚೀಟಿಯನ್ನು ನಾನು ಕೈ ಚಾಚಿ ಕೇಳಿದೆ. ಅವಳು ನನ್ನನ್ನು ದಾಟಿಕೊಂಡು ಹೋಗಿ ನಿನಗೆ ಕೊಟ್ಟಳು. "ನಿಂಗ್ ಅಸಯ್ಯ ಕಣವ್ವ. ಚಿಕ್ಕಮ್ಮ ನೋಡ್ಕತದೆ." ಚಾಚಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಅಷ್ಟೇ ನಡೆದದ್ದು. ಹೊರಗಿನವರಿಗೆ ಏನೂ ಅಲ್ಲ.

ಡಾಕ್ಟರು ಹೇಳಿದ್ದು ಒಂದೇ ಮಾತು: ಮೊಲದ ಹೊಟ್ಟೆ ಖಾಲಿ ಬಿಡಬಾರದು, ಹಿಕ್ಕೆ ಬೀಳುತ್ತಿರಬೇಕು, ಅದು ನಿಂತರೆ ಜೀವಕ್ಕೇ ಅಪಾಯ. ತಾನಾಗಿ ತಿನ್ನದಿದ್ದರೆ ಮೊಲದ ತಿಂಡಿಯನ್ನು ನೆನೆಸಿ ಕಿವುಚಿ ಸಿರಿಂಜಿನಲ್ಲಿ ಕೊಡಬೇಕು. ನೀನು ಚಾಚೂ ತಪ್ಪದೆ ಮಾಡಿದೆ. ರಾಗಿ ಮೂಟೆಯ ಕೋಣೆಯಲ್ಲಿ ಹಳೆಯ ಸೀರೆ ಹಾಸಿ, ಬೂದಿಯನ್ನು ಮಡಿಲಲ್ಲಿ ಸುತ್ತಿಕೊಂಡು, ಎರಡು ಗಂಟೆಗೊಮ್ಮೆ ಬಾಯಿಯ ಪಕ್ಕದಿಂದ ಒಂದೊಂದೇ ತೊಟ್ಟು. ಅದು ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿರುತ್ತಿತ್ತು. ಹಸಿರು ಮಾತ್ರ ನೀನು ಕೊಡಲಿಲ್ಲ. ಅತ್ತೆ ಕಟ್ಟುನಿಟ್ಟಾಗಿ ಹೇಳಿದ್ದರಲ್ಲ — "ಒಟ್ಟೆ ಕುಯ್ದವ್ರೆ, ಅಸುರ್ ಗಿಸುರ್ ಕೊಟ್ಟೀಯೆ. ಒಲಿಗೆ ಕೀವಾಯ್ತದೆ. ಪತ್ಯ ಮಾಡ್ಸು." ಮನೆಯಲ್ಲಿ ಯಾರಿಗೆ ಆಪರೇಷನ್ ಆದರೂ ಹೊಲಿಗೆ ಮಾಗುವವರೆಗೆ ನಡೆದುಬಂದ ಪಥ್ಯ. ಮೊಲಕ್ಕೂ ಅದೇ ಸರಿಯೆಂದು ನೀನು ಒಣಹುಲ್ಲು, ಸಿರಿಂಜಿನ ಹಿಟ್ಟು ಬಿಟ್ಟು ಬೇರೆ ಮುಟ್ಟಿಸಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ನೀನು ಹಾಲು ಕರೆಯಲು ಹೋಗಿದ್ದೆ. ಚಾರ್ಜಿಗೆ ಹಾಕಿದ್ದ ನಿನ್ನ ಫೋನು ಹೊಡೆದುಕೊಂಡಿತು. ತೆಗೆದೆ. "ಚಿಕ್ಕಮ್ಮ!" ಎಂದಳು ನನ್ನ ಮಗಳು, ಎಷ್ಟು ಅಕ್ಕರೆಯಿಂದ! ನನ್ನ ದನಿ ಕೇಳಿದ ಮೇಲೆ, "ಓ... ಅವ್ವ ನೀನಾ." ಆ 'ಓ' ಇವತ್ತಿಗೂ ಕಿವಿಯಲ್ಲಿದೆ. ಡಾಕ್ಟರನ್ನು ಕೇಳಿದ್ದಳಂತೆ. ಎಳೆ ಸೊಪ್ಪು ಕೊಡಬಹುದು, ಅದಕ್ಕೆ ಇಷ್ಟವಾದದ್ದನ್ನೇ ಮೂತಿಯ ಹತ್ತಿರ ಹಿಡಿಯಬೇಕು. ಮೊದಲ ದಿನ ಬಿಡದೆ ಸಿರಿಂಜಿನಲ್ಲಿ ಕೊಟ್ಟವರು ಯಾರೋ, ಜೀವ ಉಳಿಸಿದ್ದು ಅವರೇ ಎಂದರಂತೆ. "ಚಿಕ್ಕಮ್ಮಂಗ್ ಯೋಳವ್ವ, ಮರೀಬ್ಯಾಡ. ನಂಗ್ ನಾಳಿಂದ ಪರೀಕ್ಸೆ, ಪೋನ್ ಕೊಡಲ್ಲ." ಹೂಂ ಎಂದೆ.

ಹೇಳಲಿಲ್ಲ, ನೀಲಾ. ಎರಡರಲ್ಲಿ ಒಂದನ್ನೂ ಹೇಳಲಿಲ್ಲ.

ಹಿತ್ತಲ ಬೇಲಿಯ ಪಕ್ಕದ ಹಿಪ್ಪುನೇರಳೆ ಗಿಡದಿಂದ ನಾಲ್ಕು ಕುಡಿ ಚಿವುಟಿಕೊಂಡು ಕೋಣೆಗೆ ಹೋದೆ. ಮೂತಿಗೆ ಹಿಡಿದೆ. ಅದು ಮೂಸಿತು, ಮೀಸೆ ಅಲ್ಲಾಡಿಸಿತು, ಆಮೇಲೆ ಕಚಕಚನೆ — ಆ ಸದ್ದು ಕೇಳಿ ನನಗೂ ಕಣ್ಣಲ್ಲಿ ನೀರು ಬಂತು. ಓಡಿಹೋಗಿ ನಿನ್ನನ್ನು ಕೂಗಬೇಕಿತ್ತು. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅನ್ನಿಸಿತು: ಕೂಗಿದರೆ ಇದೂ ನಿನ್ನ ಕೈಗುಣವೇ ಆಗುತ್ತದೆ. ಬಾಯಿ ಮುಚ್ಚಿಕೊಂಡು ಹೊಟ್ಟೆ ತುಂಬ ತಿನ್ನಿಸಿದೆ. ಉಳಿದ ಎಲೆತೊಟ್ಟು ಆರಿಸಿ ಸೆರಗಿಗೆ ಕಟ್ಟಿಕೊಂಡೆ. ಬಿದ್ದಿದ್ದ ಹಿಕ್ಕೆಯನ್ನು ಒಂದೂ ಬಿಡದಂತೆ ಬಳಿದು ತಿಪ್ಪೆಗೆ ಹಾಕಿದೆ. ಹಿಕ್ಕೆ ಬಳಿಯುವುದರಲ್ಲಿ ನನ್ನದು ಹದಿನಾರು ವರ್ಷ ಪಳಗಿದ ಕೈಯಲ್ಲವೇ.

ನೀನು ಬಂದೆ. ಹೊಟ್ಟೆ ತುಂಬಿದ ಮೊಲ ಸಿರಿಂಜಿಗೆ ಹಲ್ಲು ಕಚ್ಚಿತು, ಮುಖ ತಿರುಗಿಸಿತು. ನೀನು ಸೀರೆಯ ಮೇಲೆ ಹಿಕ್ಕೆ ಹುಡುಕಿ ಹುಡುಕಿ ಸೋತೆ. ಸಂಜೆ ಹಾಗೆಯೇ. ಮೂರನೆಯ ಬೆಳಿಗ್ಗೆಯೂ ಹಾಗೆಯೇ. ನೀನು ಊಟ ಬಿಟ್ಟೆ. "ಅಕ್ಕ, ನಾನ್ ಕೊಟ್ರೆ ಮಕ ತಿರ್ಗುಸ್ತದೆ ಕಣಕ್ಕ. ನೆನ್ನೆಯಿಂದ ಒಂದ್ ಇಕ್ಕೇನೂ ಇಲ್ಲ" ಎಂದು ನನ್ನ ಹೆಗಲಿಗೆ ಒರಗಿ ಅತ್ತುಬಿಟ್ಟೆ. ನಿನ್ನ ತಲೆ ಸವರಿದೆ ನಾನು. ಅದೇ ಸೆರಗಿನಲ್ಲಿ ಇನ್ನೂ ತೊಟ್ಟುಗಳಿದ್ದವು.

ಮಧ್ಯಾಹ್ನ, ಡಾಕ್ಟರಿಗೆ ತೋರಿಸಲೆಂದು ಕೊಳ್ಳೇಗಾಲದ ಬಸ್ಸಿಗೆ ಹೊರಟು ನೀನು ಬೂದಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಜಗಲಿಗೆ ಬಂದಾಗ ಅತ್ತೆಯಿದ್ದರು, ಬೀದಿಯ ನಾಲ್ಕು ಹೆಂಗಸರಿದ್ದರು. ಆ ಹೊತ್ತಿಗಾಗಿಯೇ ನಾನು ಕಾದಿದ್ದೆ. ಬೆಳಿಗ್ಗೆ ತಿನ್ನಿಸಿದ ಮೇಲೆ ಬೇಕೆಂದೇ ಅದಕ್ಕೆ ಏನೂ ಕೊಟ್ಟಿರಲಿಲ್ಲ. ಹಿಪ್ಪುನೇರಳೆ ಕುಡಿ ತಂದು ಬುಟ್ಟಿಯೊಳಗೆ ಹಿಡಿದೆ. ಎಲ್ಲರ ಕಣ್ಣೆದುರು ಬೂದಿ ತಿಂದಿತು. ಪಥ್ಯ ಮುರಿದೆನೆಂದು ಅತ್ತೆ ಬಯ್ಯಲೂ ಇಲ್ಲ. "ದೊಡ್ಡವುಳ್ ಕೈಲೇ ಕಣ್ರೇ ಗುಣ!" ಎಂದರು. ಆಗಲಾದರೂ ನಾನು ಸುಮ್ಮನಿರಬಹುದಿತ್ತು. ನಿನ್ನ ಕಡೆ ತಿರುಗಿ ಹೇಳಿದೆ:

"ಕೊಡೋ ಕೈಲಿ ಕೊಟ್ರೆ ತಿನ್ತದೆ ಕಣ್ ನೀಲಾ."

ಮದುವೆಯಾಗಿ ನಾಲ್ಕು ವರ್ಷವಾದರೂ ನಿನಗೆ ಮಕ್ಕಳಾಗಿರಲಿಲ್ಲ. ಆ ಮಾತು ನಿನಗೆ ಎಲ್ಲೆಲ್ಲಿ ತಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನೀನು ನಿನ್ನ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡೆ. ಬುಟ್ಟಿಯನ್ನು ನನ್ನ ಕಡೆಗೆ ನೂಕಿ ಒಳಗೆ ಹೋದೆ.

ಬೂದಿ ಚೇತರಿಸಿಕೊಂಡಿತು; ಸಿಂಚನಾ ಪರೀಕ್ಷೆ ಮುಗಿಸಿ ಫೋನು ಮಾಡಿದಾಗ ಆ ಸೊಪ್ಪಿನ ಮಾತು ಎತ್ತುವ ಅಗತ್ಯವೇ ಬೀಳಲಿಲ್ಲ. ಮುಂದಿನ ಬೆಳೆಗೆ ಹುಳು ಬಂದಾಗ ನೀನು ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತೆ. "ನೀನೇ ಆಕ್ಬುಡಕ್ಕ." ಹಾಕಿದೆ. ಬೆಳೆ ಚೆನ್ನಾಗಿಯೇ ಬಂತು. ಕೆಟ್ಟಿದ್ದರೆ ನನ್ನ ಸುಳ್ಳು ಅವತ್ತೇ ಮುರಿಯುತ್ತಿತ್ತೋ ಏನೋ. ಆಮೇಲೆ ನೀನು ಯಾರ ಮಗುವಿಗೂ ನೀರು ಹಾಕಲಿಲ್ಲ, ಯಾರ ಸಸಿಯನ್ನೂ ಮುಟ್ಟಲಿಲ್ಲ. ಕರೆದರೆ, "ನಮ್ಮಕ್ಕುನ್ ಕರೀರಿ" ಎನ್ನುತ್ತಿದ್ದೆ. ಅವರು ನನ್ನನ್ನು ಕರೆದರು. ನಾನು ಹೋದೆ. ಸಂತೋಷವಾಗಿಯೇ ಹೋದೆ, ಅದನ್ನೂ ಮುಚ್ಚಿಡುವುದಿಲ್ಲ.

ಈಗ ನಿನ್ನ ಮಾತು. ಬರುವ ಶನಿವಾರ ಬಿಳಿಗಿರಿರಂಗನ ಬೆಟ್ಟದಲ್ಲಿ ಪಾಪುವಿಗೆ ಮೊದಲ ಅನ್ನ. ಆರು ವರ್ಷ ಕಾದು ಹೆತ್ತ ಮಗು. ಅದರ ಬಾಯಿ ಒರೆಸುತ್ತ, ತಲೆ ಎತ್ತದೆ ನೀನು ಹೇಳಿದೆ: "ಮೊದುಲ್ ತುತ್ತ ನೀನೇ ಆಕಕ್ಕ. ನನ್ ಕೈ ಬ್ಯಾಡ. ಮಗ ಉಣ್ಣದೆ ಓದ್ರೆ..."

ನಾನು ಒಬ್ಬ ತಾಯಿಗೆ ಅವಳ ಕೈಯ ಮೇಲೆಯೇ ಭಯ ಹುಟ್ಟಿಸಿದ್ದೇನೆ. ಇದಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು. ಹೊಟ್ಟೆಕಿಚ್ಚು ಪೂರ್ತಿ ಆರಿದೆ ಎಂದೂ ಹೇಳಲಾರೆ. ಸಿಂಚನಾ ಇವತ್ತಿಗೂ ಮೊದಲು ನಿನಗೇ ಫೋನು ಮಾಡುತ್ತಾಳೆ, ಇವತ್ತಿಗೂ ನನಗೆ ಉರಿಯುತ್ತದೆ. ಉರಿಯಲಿ. ಅದು ನನ್ನ ಪಾಡು.

ಈ ಕಾಗದವನ್ನು ಇವತ್ತೇ ನಿನಗೆ ಕೊಡುತ್ತೇನೆ. ಶನಿವಾರ ಬೆಟ್ಟದ ಬಸ್ಸು ಹತ್ತುವ ಮೊದಲು, ಅದೇ ಜಗಲಿಯಲ್ಲಿ, ಅತ್ತೆಯ ಎದುರು, ಅದೇ ಹೆಂಗಸರನ್ನು ಕರೆಸಿ ಬಾಯಿಬಿಟ್ಟು ಹೇಳುತ್ತೇನೆ. ಸಿಂಚನಾಗೂ ಹೇಳುತ್ತೇನೆ. ಅವಳು ನನ್ನನ್ನು ಏನೆಂದುಕೊಳ್ಳುತ್ತಾಳೋ — ಅಂದುಕೊಳ್ಳಲಿ. ನೀನು ನನ್ನ ಜೊತೆ ಮಾತು ಬಿಟ್ಟರೂ ಸರಿ, ಒಲೆ ಬೇರೆ ಹೂಡಿದರೂ ಸರಿ, ನಾನು ಕ್ಷಮೆ ಕೇಳಿ ನಿನ್ನನ್ನು ಕಟ್ಟಿಹಾಕುವುದಿಲ್ಲ.

ಒಂದು ಮಾತ್ರ ನಿನಗೆ ಗೊತ್ತಿರಲಿ. ಆ ಎರಡು ದಿನ ನಾನು ಬಾಗಿಲ ಸಂದಿನಿಂದ ನೋಡುತ್ತಿದ್ದೆ. ನೀನು ಸೋತು ಸಿರಿಂಜನ್ನು ಕೆಳಗಿಟ್ಟ ಮೇಲೆ ಪ್ರತಿ ಸಲವೂ ಬೂದಿ ನಿನ್ನ ಅಂಗೈಯ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚುತ್ತಿತ್ತು. ನೀನು ಅಳುತ್ತಿದ್ದೆ, ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ನನ್ನ ಕೈಯಲ್ಲಿ ಅದು ಸೊಪ್ಪು ತಿಂದಿತು, ಅಷ್ಟೆ. ಮಲಗಿದ್ದು ನಿನ್ನ ಕೈಯಲ್ಲಿ.

ಮೊದಲ ತುತ್ತು ನೀನೇ ಹಾಕು, ನೀಲಾ.