ಬರ್ಕೊಳ್ಳಿ ಮೇಡಂ ಮತ್ತು ಬೆಂಕಿ ನೋಡುವ ಕಣ್ಣು

ನನ್ನ ಅತ್ತಿಗೆಗೆ ಕಾಲೇಜಿನ ಮಕ್ಕಳು ಇಟ್ಟಿರುವ ಹೆಸರು ‘ಬರ್ಕೊಳ್ಳಿ ಮೇಡಂ’. ಅವರು ಭೌತಶಾಸ್ತ್ರ ಪಾಠ ಮಾಡುತ್ತಾರೆ. ಮಾಡುತ್ತಾರೆ ಅನ್ನುವುದಕ್ಕಿಂತ ಬರೆಸುತ್ತಾರೆ ಅನ್ನುವುದೇ ಸರಿ. ಕಾಲೇಜಿನ ಗೇಟಿನ ಎದುರಿಗೇ ನನ್ನ ಟೈಲರ್ ಅಂಗಡಿ. ಸಮವಸ್ತ್ರದ ಅಳತೆ ಕೊಡಲು ಬರುವ ಮಕ್ಕಳು, ನಾನು ಅವರ ಮೈದುನ ಎಂದು ತಿಳಿಯದೆ, ಎಲ್ಲವನ್ನೂ ಕಕ್ಕಿಬಿಡುತ್ತಾರೆ. ನಾನು ಟೇಪು ಹಿಡಿದುಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಕೇಳಿಸಿಕೊಳ್ಳುತ್ತೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ; ಆದರೆ ಅತ್ತಿಗೆಯ ಮೇಲಿನ ದೂರು ಕೇಳುವಾಗ ಅದೇಕೋ ಬರುವುದಿಲ್ಲ.

ನನ್ನ ಕೋಪವೆಲ್ಲ ಕತ್ತರಿಗೆ ಮೀಸಲು. ಬಟ್ಟೆ ಕತ್ತರಿಸುವ ನನ್ನ ಕತ್ತರಿಯನ್ನು ಯಾರಾದರೂ ಕಾಗದ ಕತ್ತರಿಸಲು ಮುಟ್ಟಿದರೆ ಅವರ ಮುಖ ಮೂತಿ ನೋಡುವವನಲ್ಲ. ಇದು ಮನೆಯವರಿಗೆಲ್ಲ ಗೊತ್ತು. ಅಣ್ಣನಿಗಂತೂ ಚೆನ್ನಾಗಿ ಗೊತ್ತು.

ಅಣ್ಣ ಲಾಂಡ್ರಿ ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು. ಆಸ್ಪತ್ರೆಯ ಹಾಸು ಹೊದಿಕೆಗಳನ್ನೆಲ್ಲ ಅಲ್ಲಿ ಆವಿಯಲ್ಲಿ ಬೇಯಿಸಿ ಒಗೆಯುತ್ತಾರೆ. ಅಲ್ಲಿ ಅವನಿಗೆ ‘ಫಳಫಳ’ ಎಂದು ಹೆಸರು. ಹಿತ್ತಾಳೆ ಕಂಡರೆ ಉಜ್ಜುತ್ತಾನೆ, ಗಾಜು ಕಂಡರೆ ಒರೆಸುತ್ತಾನೆ. ಅವನ ಬಾಯ್ಲರ್ ಕೋಣೆಯ ನೆಲದ ಮೇಲೆ ಅನ್ನ ಹಾಕಿಕೊಂಡು ತಿನ್ನಬಹುದು ಎಂದು ಮ್ಯಾನೇಜರೇ ಹೇಳುತ್ತಿದ್ದರು. ಅಷ್ಟು ಚೊಕ್ಕಟವಾದ ಮನುಷ್ಯನಿಗೆ ಆ ಚೊಕ್ಕಟವೇ ಮುಳುವಾಯಿತು.

ಬಾಯ್ಲರಿನ ಒಲೆಗೆ ಒಂದು ಕಣ್ಣಿದೆ. ಬೆರಳುದ್ದದ ಕೊಳವೆ, ಒಂದು ಬಿಲ್ಲೆಯ ಹಿಂದೆ ಕೂತು ಸದಾ ಜ್ವಾಲೆಯನ್ನೇ ನೋಡುತ್ತಿರುತ್ತದೆ. ಜ್ವಾಲೆ ಕಂಡರೆ ಎಣ್ಣೆ ಬಿಡು ಎನ್ನುತ್ತದೆ, ಕಾಣದಿದ್ದರೆ ಆ ಕ್ಷಣವೇ ಎಣ್ಣೆ ನಿಲ್ಲಿಸುತ್ತದೆ. ನಿಲ್ಲಿಸಲೇಬೇಕು. ಬೆಂಕಿ ಆರಿದ ಮೇಲೂ ಕಾದ ಒಲೆಯೊಳಗೆ ಎಣ್ಣೆ ಚಿಮ್ಮುತ್ತಿದ್ದರೆ ಅದು ಹೊಗೆಯಾಗಿ ತುಂಬಿಕೊಳ್ಳುತ್ತದೆ. ಆಮೇಲೆ ಒಂದು ಕಿಡಿ ಸಾಕು. ಅಣ್ಣನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹಾಗೇ ಸತ್ತರು, ಬೇರೊಂದು ಕಾರ್ಖಾನೆಯಲ್ಲಿ. ಅಲ್ಲಿ ಕಣ್ಣು ತೊಂದರೆ ಕೊಡುತ್ತದೆ ಎಂದು ಕಣ್ಣಿನ ಮಾತು ಕೇಳಿ ಎಣ್ಣೆ ಬಿಡುವ ಪೆಟ್ಟಿಗೆಯೊಳಗೆ ಒಂದು ತುಂಡು ವೈರ್ ಸಿಕ್ಕಿಸಿದ್ದರಂತೆ. ಆ ವೈರ್ ಇದ್ದರೆ, ಬೆಂಕಿ ಇರಲಿ ಬಿಡಲಿ, ಪೆಟ್ಟಿಗೆ ಇದೆ ಎಂದೇ ನಂಬುತ್ತದೆ. ಅಣ್ಣ ಆ ಹೆಣ ಹೊತ್ತು ಬಂದವನು. ವೈರ್ ಮುಟ್ಟುವುದಿಲ್ಲ ಎಂದು ಅತ್ತಿಗೆಯ ಕೈ ಹಿಡಿದು ಹೇಳಿದ್ದ.

ಆ ವಾರ ಅವನ ಬಾಯ್ಲರ್ ಮತ್ತೆ ಮತ್ತೆ ನಿಲ್ಲತೊಡಗಿತು. ಒಳಗೆ ಬೆಂಕಿ ಧಗಧಗ ಉರಿಯುತ್ತಿದ್ದರೂ ಕಣ್ಣಿಗೆ ಕಾಣುತ್ತಿರಲಿಲ್ಲ. ಅಣ್ಣ ಎಣ್ಣೆ ಹೆಚ್ಚಿಸಿದ. ಜ್ವಾಲೆ ಇಮ್ಮಡಿಯಾಯಿತು, ಕಣ್ಣು ಮಾತ್ರ ಇಲ್ಲ ಎಂದಿತು. ಹೊಸ ಕಣ್ಣು ತರಿಸಿ ಹಾಕಿದ. ಅದೂ ಅದೇ ಹಾಡು ಹಾಡಿತು.

“ಅಷ್ಟು ದೊಡ್ಡ ಬೆಂಕಿ ಕಣೇ. ಕುರುಡನಿಗೂ ಕಾಣ್ಬೇಕು,” ಎಂದ ಊಟಕ್ಕೆ ಕೂತಾಗ.

“ಕೊಳೆ ಕೂತಿರ್ಬೇಕೇನೋ ರೀ,” ಎಂದರು ಅತ್ತಿಗೆ.

“ನನ್ನ ಹತ್ರ ಕೊಳೆನಾ? ಕಣ್ಣಿನ ಮುಂದಿನ ಬಿಲ್ಲೆ ಮಬ್ಬಾಗಿ ಸೀಳು ಬಿಟ್ಟಿತ್ತು. ಈ ರಗಳೆಗೂ ಮುಂಚೇನೇ ಅದನ್ನ ತೆಗೆದು, ನಾನೇ ಕೈಯಾರೆ ಹೊಸ ಗಾಜು ಕೊಯ್ದು ಹಾಕಿದೀನಿ. ಮುಖ ನೋಡ್ಕೋಬಹುದು, ಹಾಗಿದೆ.”

ಅತ್ತಿಗೆ ಅನ್ನ ಬಡಿಸಿದರು. ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಅಣ್ಣ ತಿಂಡಿ ಮುಟ್ಟಲಿಲ್ಲ. ಆಸ್ಪತ್ರೆಯಲ್ಲಿ ಹಾಸುಬಟ್ಟೆ ಮುಗಿದುಹೋಗಿದೆ, ಶಸ್ತ್ರಚಿಕಿತ್ಸೆಗಳು ನಿಂತಿವೆ ಎಂದು ಮ್ಯಾನೇಜರ್ ಫೋನಿನಲ್ಲಿ ಅಳುವುದೊಂದು ಬಾಕಿ.

“ಇವತ್ತು ವೈರ್ ಹಾಕ್ತೀನಿ,” ಎಂದ, ಚಪ್ಪಲಿ ಮೆಟ್ಟಿಕೊಳ್ಳುತ್ತ. “ಇಣುಕುಗಂಡಿ ಮುಂದೆ ನಾನೇ ಕಣ್ಣಾಗಿ ನಿಂತಿರ್ತೀನಿ. ಬೆಂಕಿ ಆರಿದ್ರೆ ನಾನೇ ನಿಲ್ಲಿಸ್ತೀನಿ. ನೀನು ತಲೆ ಕೆಡಿಸ್ಕೋಬೇಡ.”

ಅತ್ತಿಗೆ ಬೇಡ ಅನ್ನಲಿಲ್ಲ. ಬೇಡ ಎಂದರೆ ಮತ್ತೇನು ಮಾಡಬೇಕೆಂದು ಹೇಳಬೇಕಲ್ಲ, ಅದು ಅವರಿಗೆ ಗೊತ್ತಿರಲಿಲ್ಲ. ಬಿಳಿಚಿಕೊಂಡ ಮುಖ ಹೊತ್ತು ಕಾಲೇಜಿಗೆ ಬಂದರು. ಅಂದಿನ ಪಾಠ ದ್ಯುತಿವಿದ್ಯುತ್ ಪರಿಣಾಮ. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನುಗಳು ಹೊರಗೆ ಹಾರುವುದು. ವರ್ಷ ವರ್ಷವೂ ಬರೆಸಿ ಬರೆಸಿ ಅವರಿಗೆ ಪುಸ್ತಕವೇ ಬೇಡದ ಪಾಠ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳಂತೆ: “ಮೇಡಂ, ಕೆಂಪು ಬೆಳಕು ಎಷ್ಟು ಜೋರಾಗಿದ್ರೂ ಎಲೆಕ್ಟ್ರಾನ್ ಹೊರಗೆ ಬರಲ್ಲ ಅಂದ್ರಲ್ಲ. ಬೆಳಗ್ಗಿಂದ ಸಂಜೆವರೆಗೂ ಸುರಿದ್ರೆ? ಸ್ವಲ್ಪ ಸ್ವಲ್ಪವೇ ಕೂಡ್ಕೊಳ್ಳಲ್ವಾ?”

“ಸಿಲಬಸ್‌ನಲ್ಲಿ ಇರೋದು ಅಷ್ಟೇ. ಬರ್ಕೊಳ್ಳಿ,” ಎಂದು ಅತ್ತಿಗೆ ಮುಂದುವರಿಸಿದರು. “ಸಾಧಾರಣ ಗಾಜು ನೇರಳಾತೀತ ಕಿರಣಗಳನ್ನು ತಡೆಯುವುದರಿಂದ, ಈ ಉಪಕರಣದಲ್ಲಿ ಗಾಜಿನ ಬದಲು ಕ್ವಾರ್ಟ್ಸ್ ಕಿಟಕಿಯನ್ನು...”

ಅಲ್ಲಿಗೆ ನಿಂತರು. ಮಕ್ಕಳು ಪೆನ್ನು ಹಿಡಿದು ಕಾದರು. ವಾಕ್ಯ ಮುಗಿಯಲೇ ಇಲ್ಲ. ಬರ್ಕೊಳ್ಳಿ ಮೇಡಂ ಸೀಮೆಸುಣ್ಣ ಕೈಯಲ್ಲೇ ಹಿಡಿದುಕೊಂಡು ತರಗತಿ ಬಿಟ್ಟು ಓಡಿದರು.

ನಾನು ಕೋಟಿನ ತೋಳು ಜೋಡಿಸುತ್ತಿದ್ದೆ. ಅತ್ತಿಗೆ ರಸ್ತೆಯ ಆ ಕಡೆ ಈ ಕಡೆ ನೋಡದೆ ದಾಟಿ ಬಂದರು.

“ಸ್ಕೂಟರ್ ತೆಗಿ.”

“ಏನಾಯ್ತು ಅತ್ತಿಗೆ?”

“ಅವರು ಹಾಕಿರೋದು ಕಿಟಕಿ ಗಾಜು. ತೆಗಿ ಬೇಗ. ಫೋನ್ ಎತ್ತುತ್ತಾ ಇಲ್ಲ.”

ಕಿಟಕಿ ಗಾಜು ಎಂದರೆ ನನಗೇನು ತಿಳಿಯಬೇಕು. ಆದರೆ ಆ ದನಿ ಕೇಳಿ ತೋಳನ್ನು ಅಲ್ಲೇ ಬಿಟ್ಟು ಎದ್ದೆ. ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಹೊರಟೆ. ದಾರಿಯುದ್ದಕ್ಕೂ ಅವರು ಮತ್ತೆ ಮತ್ತೆ ಅಣ್ಣನಿಗೆ ಫೋನು ಹಚ್ಚಿದರು. ಬಾಯ್ಲರ್ ಕೋಣೆಯ ಸದ್ದಿನಲ್ಲಿ ಫೋನು ಕೇಳುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಎದುರಿಗೆ ಬಂದ ಪ್ರತಿಯೊಬ್ಬನನ್ನೂ ನಾನು ಬೈದೆ, ತಪ್ಪಿಲ್ಲದವರನ್ನೂ.

ಕಾವಲುಗಾರ ತಡೆಯುವುದರೊಳಗೆ ಅತ್ತಿಗೆ ಒಳಗೆ ನುಗ್ಗಿದ್ದರು. ನಾನು ಹಿಂದೆ. ಬಾಯ್ಲರ್ ಕೋಣೆಯಲ್ಲಿ ಎಣ್ಣೆಯ ವಾಸನೆ ಗಂಟಲು ಹಿಡಿಯುವಂತಿತ್ತು. ಇಣುಕುಗಂಡಿಯ ಮುಂದೆ ಅಣ್ಣ ಇರಲಿಲ್ಲ. ಆವಿಯ ಒತ್ತಡದ ಮುಳ್ಳು ಇಳಿಯುತ್ತಿದೆ ಎಂದು ಮ್ಯಾನೇಜರ್ ಕೂಗಿ ಕರೆದಿದ್ದರಂತೆ. ಅವನು ಆ ತುದಿಯ ಪೆಟ್ಟಿಗೆಯ ಹತ್ತಿರ, ನಮಗೆ ಬೆನ್ನು ಹಾಕಿ ನಿಂತಿದ್ದ. ಪೆಟ್ಟಿಗೆಯ ಮೇಲೆ ‘ಬೆಂಕಿ ಇದೆ’ ಎನ್ನುವ ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು.

ಅತ್ತಿಗೆ ಇಣುಕುಗಂಡಿಗೆ ಕಣ್ಣು ಹಚ್ಚಿದರು. ಒಳಗೆ ಕತ್ತಲೆ.

ಎಣ್ಣೆಯ ಜೊತೆ ನೀರು ಬಂದು ಬೆಂಕಿ ಆರಿಹೋಗಿತ್ತು. ವೈರ್ ಮಾತ್ರ ಇದೆ ಇದೆ ಎನ್ನುತ್ತಲೇ ಇತ್ತು, ಎಣ್ಣೆ ಸುರಿಯುತ್ತಲೇ ಇತ್ತು. ಉರಿ ಸಣ್ಣದಾಗಿದೆ, ಇನ್ನೊಮ್ಮೆ ಕಿಡಿ ಕೊಟ್ಟರೆ ಸರಿಹೋದೀತು ಎಂದುಕೊಂಡ ಅಣ್ಣ ಕಿಡಿಯ ಗುಂಡಿಯತ್ತ ಕೈ ಚಾಚಿದ್ದ.

“ರೀ,” ಎಂದು ಅತ್ತಿಗೆ ಕೂಗಿದ್ದು ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಅಣ್ಣನಿಗಿಂತ ಮೊದಲು ಬಾಗಿಲು ಕಂಡಿತು. ಅತ್ತಿಗೆ ಗೋಡೆಯ ಮೇಲಿದ್ದ ದೊಡ್ಡ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದರು.

ಎಲ್ಲ ಸದ್ದೂ ಒಮ್ಮೆಲೇ ಸತ್ತಿತು.

ಅಣ್ಣ ಉರಿದುಕೊಂಡು ತಿರುಗಿದ. “ಯಾರು ಒಳಗೆ ಬಿಟ್ಟಿದ್ದು ನಿನ್ನ? ಏನು ಮಾಡ್ದೆ ಗೊತ್ತಾ?”

ಅತ್ತಿಗೆ ಇಣುಕುಗಂಡಿಯತ್ತ ಕೈ ತೋರಿಸಿದರು. ಅಣ್ಣ ಬಂದು ಬಗ್ಗಿ ನೋಡಿದ. ಏಳುವಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. ಹೋಗಿ ಎಣ್ಣೆಯ ನಲ್ಲಿ ಬಿಗಿದ, ಗಾಳಿ ಊದುವ ಫ್ಯಾನನ್ನಷ್ಟೇ ಓಡಿಸಿದ. ಹೊರಗೆ ಚಿಮಣಿಯಿಂದ ಬೆಳ್ಳಗೆ ದಪ್ಪ ಹೊಗೆ ಬರತೊಡಗಿತು. ಮ್ಯಾನೇಜರ್ ಅಂಗಳದಲ್ಲಿ ನಿಂತು ಅದನ್ನೇ ನೋಡಿದರು.

ವಾಸನೆ ಪೂರ್ತಿ ಹೋದ ಮೇಲೆ ಅತ್ತಿಗೆ ಹೇಳಿದರು: “ವೈರ್ ಕಿತ್ತುಹಾಕಿ. ಕಣ್ಣನ್ನ ಹೊರಗೆ ತೆಗೀರಿ.”

ಅಣ್ಣ ಹಾಗೇ ಮಾಡಿ, ಪೆಟ್ಟಿಗೆಗೆ ಮಾತ್ರ ಕರೆಂಟು ಕೊಟ್ಟ. ಹಸಿರು ದೀಪ ಈಗ ಆರಿತ್ತು. ಮ್ಯಾನೇಜರರ ದೊಡ್ಡ ಟಾರ್ಚನ್ನು ಅತ್ತಿಗೆ ಕಣ್ಣಿಗೆ ಹಿಡಿದರು. ನೋಡಿದರೆ ನಮ್ಮ ಕಣ್ಣು ಕುಕ್ಕುವ ಬೆಳಕು. ದೀಪ ಹತ್ತಲಿಲ್ಲ. ಆಮೇಲೆ ಸಿಗರೇಟು ಲೈಟರ್ ಹಚ್ಚಿ, ಆ ಪುಟ್ಟ ಜ್ವಾಲೆಯನ್ನು ದೂರದಲ್ಲೇ ಹಿಡಿದರು. ಹಸಿರು ದೀಪ ಹತ್ತಿತು. ನಡುವೆ ಅಣ್ಣ ಕೊಯ್ದ ಗಾಜಿನ ಬಿಲ್ಲೆ ಇಟ್ಟರು. ಆರಿತು.

“ಹಳೇ ಬಿಲ್ಲೆ ಎಲ್ಲಿ?”

ಅಣ್ಣ ಡಬ್ಬಿಯಲ್ಲಿ ತಡಕಾಡಿ ತಂದ. ಮಬ್ಬು, ಅಂಚಿನಲ್ಲಿ ಸೀಳು. ಫಳಫಳನಿಗೆ ಸಹಿಸಲಾಗದ ವಸ್ತು. ಅದನ್ನು ನಡುವೆ ಇಟ್ಟರೂ ದೀಪ ಉರಿಯುತ್ತಲೇ ಇತ್ತು. “ಇದು ಗಾಜಲ್ಲ, ಕ್ವಾರ್ಟ್ಸ್,” ಎಂದರು ಅತ್ತಿಗೆ. ಅಣ್ಣ ಲೈಟರನ್ನು ತಾನೇ ಇಸಿದುಕೊಂಡು ಮತ್ತೆ ಮಾಡಿ ನೋಡಿದ. ತನ್ನ ಗಾಜು, ಹಳೇ ಬಿಲ್ಲೆ, ತನ್ನ ಗಾಜು.

“ಆ ಸೀಳಿರೋದನ್ನೇ ಹಾಕಿ ಓಡಿಸೋಣ್ವಾ?” ಎಂದರು ಮ್ಯಾನೇಜರ್, ಮೆಲ್ಲಗೆ.

“ಬಿಸಿಗೆ ಒಡೆದ್ರೆ ಕಣ್ಣೇ ಸುಟ್ಟುಹೋಗತ್ತೆ ಸಾರ್. ಹೊಸ ಕ್ವಾರ್ಟ್ಸ್ ಬರಲಿ,” ಎಂದ ಅಣ್ಣ.

“ಅಲ್ಲೀವರೆಗೆ ವೈರ್...”

“ಅಲ್ಲೀವರೆಗೆ ಬಾಯ್ಲರ್ ತಣ್ಣಗಿರತ್ತೆ.”

ಮ್ಯಾನೇಜರ್ ಚಿಮಣಿಯನ್ನೊಮ್ಮೆ ನೋಡಿದರು. ಆಸ್ಪತ್ರೆಯ ಬಟ್ಟೆಯನ್ನು ಬೇರೆ ಲಾಂಡ್ರಿಗೆ ಕಳಿಸಲು ಫೋನು ತೆಗೆದುಕೊಂಡು ಹೋದರು.

ಮೂವರೂ ನನ್ನ ಅಂಗಡಿಗೆ ಬಂದು ಕೂತೆವು. ಅಲ್ಲಿಯತನಕ ಕಲ್ಲಿನಂತಿದ್ದ ಅತ್ತಿಗೆ ಅಲ್ಲಿ ಅತ್ತರು.

“ಪ್ರತಿ ವರ್ಷ ಬರೆಸ್ತೀನಿ ರೀ. ಕ್ವಾರ್ಟ್ಸ್ ಕಿಟಕಿ, ಕ್ವಾರ್ಟ್ಸ್ ಕಿಟಕಿ. ನಿನ್ನೆ ನೀವು ಗಾಜು ಅಂದಾಗ ನಾನು ಅನ್ನ ಬಡಿಸ್ತಿದ್ದೆ. ಏನೂ ಹೊಳೀಲಿಲ್ಲ.”

“ಇವತ್ತು ಹೊಳೀತಲ್ಲ. ಉಳಿಸ್ದೆ.”

“ಇವತ್ತು ಗುಂಡಿ ಗುದ್ದಿದ್ದು. ಪಾಠ ಅಲ್ಲ.”

ಅಣ್ಣ ಸ್ಟೂಲು ಎಳೆದುಕೊಂಡು, ಮಕ್ಕಳಂತೆ ಮೊಣಕಾಲ ಮೇಲೆ ಕೈಯಿಟ್ಟು ಎದುರಿಗೆ ಕೂತ. “ಹಾಗಾದ್ರೆ ಈಗ ಪಾಠ ಮಾಡು. ಅಷ್ಟು ದೊಡ್ಡ ಬೆಂಕಿ, ಅಷ್ಟೊಂದು ಬೆಳಕು. ಗಾಜು ಸ್ವಲ್ಪ ತಡೆದ್ರೇನು? ಬಂದಷ್ಟು ಬೆಳಕು ಕೂಡ್ಕೊಂಡು ಸಾಕಾಗಬಾರ್ದಿತ್ತಾ?”

ಬೆಳಿಗ್ಗೆ ಆ ಹುಡುಗಿ ಕೇಳಿದ್ದೂ ಅದನ್ನೇ. ಅತ್ತಿಗೆ ಸುತ್ತ ನೋಡಿದರು. ನನ್ನ ಮೇಜಿನ ಮೇಲೆ ಅರ್ಧ ಹೊಲಿದ ರವಿಕೆಯಿತ್ತು. ಅದರ ಟಿಚ್ ಬಟನ್ನಿನ ಎರಡು ಭಾಗಗಳನ್ನು ಒಂದರ ಮೇಲೊಂದಿಟ್ಟು ಅಣ್ಣನ ಮುಂದೆ ಹಿಡಿದರು.

“ಇದನ್ನ ಮೆಲ್ಲಗೆ ತಟ್ಟಿ.”

ಅಣ್ಣ ತಟ್ಟಿದ.

“ಇನ್ನೂ ತಟ್ಟಿ. ಬೇಗ ಬೇಗ ತಟ್ಟಿ. ಕೂತ್ಕೊಳ್ತಾ?”

“ಇಲ್ಲ.”

“ದಿನವಿಡೀ ತಟ್ಟಿದ್ರೂ ಕೂರಲ್ಲ. ಹಿಂದಿನ ಏಟು ಮುಂದಿನ ಏಟಿಗೆ ಜಮಾ ಆಗಲ್ಲ. ಈಗ ಒಂದೇ ಸಲ ಗಟ್ಟಿಯಾಗಿ ಒತ್ತಿ.”

ಟಕ್ ಎಂದು ಕೂತಿತು.

“ಬೆಳಕು ಸುರಿಯೋ ನೀರಲ್ಲ ರೀ, ಬಿಡಿ ಬಿಡಿ ಏಟು. ಒಂದು ಏಟು ಒಂದು ಎಲೆಕ್ಟ್ರಾನಿಗೆ. ಅದು ಹಾರಿದ್ರೇನೇ ಬೆಂಕಿ ಕಂಡ ಹಾಗೆ. ಕೆಂಪು, ಹಳದಿ, ನಮ್ಮ ಕಣ್ಣಿಗೆ ಕಾಣೋದೆಲ್ಲ ಬಾಯ್ಲರ್ ಕಣ್ಣಿನೊಳಗಿರೋ ಲೋಹಕ್ಕೆ ಮೆಲ್ಲನೆ ಏಟು. ಬೆಂಕಿ ದೊಡ್ಡದು ಮಾಡಿದ್ರೆ ಏಟು ಹೆಚ್ಚಾಗತ್ತೆ, ಗಟ್ಟಿಯಾಗಲ್ಲ. ಗಟ್ಟಿ ಏಟು ನೇರಳಾತೀತದ್ದು, ಬೆಂಕಿಯಲ್ಲಿ ಅದು ಚೂರೇ ಚೂರು ಇರೋದು. ಅಷ್ಟನ್ನೂ ನಿಮ್ಮ ಗಾಜು ತಾನೇ ನುಂಗ್ಬಿಡ್ತು.”

ಅಣ್ಣ ಗುಂಡಿ ಬಿಚ್ಚಿದ, ತಟ್ಟಿದ, ಒತ್ತಿದ. ಮತ್ತೆ ಬಿಚ್ಚಿದ. “ಅಂದ್ರೆ ಮೂರು ದಿನದಿಂದ ನಾನು ಎಣ್ಣೆ ಸುರಿದಿದ್ದೆಲ್ಲ...”

“ತಟ್ಟಿದ್ದೇ ತಟ್ಟಿದ್ದು.”

ಅವನಿಗೆ ನಗು ಬಂತು, ಅದರ ಜೊತೆಗೇ ಕಣ್ಣು ತುಂಬಿತು. ಮುಖ ಆಚೆ ತಿರುಗಿಸಿದ.

ಅತ್ತಿಗೆ ಆ ರವಿಕೆಯನ್ನೇ ಕೈಗೆತ್ತಿಕೊಂಡರು. ನಾಳೆ ತರಗತಿಗೆ ಬೇಕು, ಆ ಹುಡುಗಿಗೆ ಉತ್ತರ ಕೊಡಬೇಕು ಎಂದರು. ಗಿರಾಕಿಗೆ ನಾನೇನು ಹೇಳಲಿ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಅಣ್ಣ ಅಂಗಿಯ ಜೇಬಿನಿಂದ ಆ ವೈರನ್ನು ತೆಗೆದ. ಕಿರುಬೆರಳಷ್ಟು ತಾಮ್ರದ ತುಂಡು. ಅಂಗೈಯಲ್ಲಿಟ್ಟುಕೊಂಡು ನೋಡಿದ. ಆಮೇಲೆ ಮೇಜಿನ ಮೇಲಿದ್ದ ನನ್ನ ಕತ್ತರಿಯನ್ನು ಎತ್ತಿಕೊಂಡು ಅದನ್ನು ತುಂಡು ತುಂಡಾಗಿ ಕತ್ತರಿಸತೊಡಗಿದ. ತಾಮ್ರಕ್ಕೆ ಸಿಕ್ಕಿ ಕತ್ತರಿಯ ಬಾಯಿ ಕರಕರ ಎನ್ನುವುದು ನನಗೆ ಚೆನ್ನಾಗಿ ಕೇಳುತ್ತಿತ್ತು. ಅವನು ಮುಗಿಸುವವರೆಗೂ ನಾನು ಏನೂ ಅನ್ನಲಿಲ್ಲ.