ಒಂದೇ ಬಸ್ಸಿನ ಇಬ್ಬರು ಕಳ್ಳರು

ಸೋಲಾಪುರ–ಅಕ್ಕಲಕೋಟ ಬಸ್ಸಿನಲ್ಲಿ ನಾನು ಕಂಡಕ್ಟರ್ ಆಗಿ ಒಂಬತ್ತು ವರ್ಷವಾಯಿತು. ದಿನವಿಡೀ ನಿಂತೇ ಇರುವ ಕೆಲಸ, ಆದರೂ ನನಗೆ ಇಷ್ಟ. ಜನರ ಮಾತು ಕೇಳುತ್ತ ದಾರಿ ಸಾಗಿಬಿಡುತ್ತದೆ.

ಅದೊಂದು ಗುರುವಾರ. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಊರು ದಾಟುತ್ತಲೇ ಮುದುಕಿಯೊಬ್ಬಳು ಚೀರಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಸೆರಗಿನಡಿ ಮುದುಕಿಯ ದುಡ್ಡಿನ ಸಂಚಿ ಸಿಕ್ಕಿತು. ನಾನು ನುಗ್ಗಿ ತಲುಪುವಷ್ಟರಲ್ಲಿ ಆ ಹೆಂಗಸಿಗೆ ನಾಲ್ಕು ಏಟು ಬಿದ್ದಿದ್ದವು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವರು ಮುಂದಿನ ಸೀಟಿನ, ಇಸ್ತ್ರಿ ಅಂಗಿಯ ಗೃಹಸ್ಥರೊಬ್ಬರು.

"ಇಂಥಾವ್ರನ್ನ ಬಿಡಬ್ಯಾಡ್ರಿ ಮ್ಯಾಡಮ್, ಕೈ ಕಡೀಬೇಕು!"

ಹೊಡೆಯುವವರನ್ನು ತಡೆದು, ಅವಳನ್ನು ನನ್ನ ಸೀಟಿನಲ್ಲಿ ಕೂಡಿಸಿ, ಟಿಕೆಟು ಕೊಡುತ್ತ ಗೃಹಸ್ಥರ ಬಳಿ ಬಂದೆ. ಎಪ್ಪತ್ತೈದು ದಾಟಿದವರಿಗೆ ಪ್ರಯಾಣ ಪುಕ್ಕಟೆ. ಅದಕ್ಕೆಂದು ಅವರು ವಯಸ್ಸು ತೋರಿಸುವ ಕಾರ್ಡು ತೆಗೆಯುವಾಗ ಚೀಲದಿಂದ ಇನ್ನೂ ಐದು ಕಾರ್ಡು ಜಾರಿ ಬಿದ್ದವು. ಎತ್ತಿಕೊಂಡು ನೋಡಿದೆ. ಐದು ಬೇರೆ ಬೇರೆ ಮುಖ, ಹುಟ್ಟಿದ ದಿನ ಮಾತ್ರ ಒಂದೇ. ಅವರದೂ ಅದೇ!

"ಕಾಕಾ, ಇವು ಯಾರವರಿ?"

"ನಮ್ಮ ಓಣ್ಯಾನವ್ರದು. ನಾನ ಮಾಡಿಕೊಟ್ಟೀನಿ. ಆಫೀಸಿನ್ಯಾಗ ಮೂವತ್ತು ವರ್ಷ ಕುಂತಾಂವ, ಕಾಗದಪತ್ರ ಎಲ್ಲಾ ಗೊತ್ತದ."

"ನಿಮಗ ಖರೇನ ವಯಸ್ಸೆಷ್ಟ್ರಿ?"

ಅವರ ದನಿ ಇಳಿಯಿತು. "ಟಿಕೀಟು ತಗೋತೀನಿ, ಬಿಡ್ರಿ."

"ಜಾಊ ದ್ಯಾ ಮ್ಯಾಡಮ್, ದೊಡ್ಡ ಮನಷ್ಯಾರು, ಬಿಟ್ಟಬಿಡ್ರಿ," ಎಂದಿತು ಹಿಂದಿನ ಸೀಟು. ಆಗಷ್ಟೇ ಕೈಯೆತ್ತಿದ್ದವರು ಈಗ ನಗುತ್ತಿದ್ದರು. ಸುಳ್ಳೇಕೆ, ನಾನೂ ಅರೆಗಳಿಗೆ ಹಿಂಜರಿದೆ. ಆಗ ಸಂಚಿಯ ಮುದುಕಿ ಎದ್ದು ನಿಂತಳು.

"ಸಂಚಿ ನನ್ನೊಬ್ಬಾಕಿದು ಯವ್ವಾ, ಬಸ್ಸು ಎಲ್ಲಾರದು. ಈಕಿನ್ನ ಠಾಣೆಗೆ ಒಯ್ಯೂದಾದ್ರ ಆ ಯಜಮಾನ್ನೂ ಒಯ್ಯಿ. ಇಲ್ಲಾಂದ್ರ ನಾ ಫಿರ್ಯಾದಿ ಕೊಡಂಗಿಲ್ಲ."

ಅಕ್ಕಲಕೋಟದಲ್ಲಿ ಇಳಿದೊಡನೆ ಡಿಪೋದ ನಮ್ಮ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಇಬ್ಬರನ್ನೂ ಠಾಣೆಗೆ ಕಳಿಸಿದರು. ಗೃಹಸ್ಥರು ರಿಕ್ಷಾ ಕೇಳಿದರು.

"ಠಾಣೆ ಇಲ್ಲೇ ಐತಿ, ನಡೀರಿ," ಎಂದ ಕರೆದೊಯ್ಯಲು ಬಂದಿದ್ದ ಹವಾಲ್ದಾರ. ಇಬ್ಬರೂ ಒಂದೇ ದಾರಿಯಲ್ಲಿ ನಡೆದುಹೋದರು.

ಆಮೇಲೆ ಆ ಹೆಂಗಸಿಗೆ ಕೆಲವು ದಿನ ಜೈಲಾಯಿತೆಂದೂ, ಗೃಹಸ್ಥರು ಜಾಮೀನಿನ ಮೇಲೆ ಮನೆಯಲ್ಲಿದ್ದಾರೆಂದೂ ಕೇಳಿದೆ. ನನಗದು ಸರಿ ಕಾಣುವುದಿಲ್ಲ. ಅವಳು ಒಬ್ಬಳ ಸಂಚಿಗೆ ಕೈ ಹಾಕಿದಳು. ಅವರು ಕಲಿತ ವಿದ್ಯೆಯಿಂದ ಎಲ್ಲರ ಗಂಟಿಗೆ ಕೈ ಹಾಕಿದರು. ಹೆಚ್ಚಿನ ಶಿಕ್ಷೆ ಅವರಿಗೇ ಆಗಬೇಕು. ಆದರೆ ಅದು ಕೋರ್ಟಿನ ಕೆಲಸ. ನನ್ನ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ನ್ಯಾಯ ಮಾಡಿದೆನಲ್ಲ, ಆ ಸಮಾಧಾನ ನನಗಿದೆ.

ಹೋದ ತಿಂಗಳು ಆ ಮುದುಕಿ ಬೋರಾಮಣಿಯ ತನ್ನ ಮನೆಗೆ ಕರೆದಿದ್ದಳು. ಶೇಂಗಾ ಹೋಳಿಗೆ ಮಾಡಿ, ತುಪ್ಪ ಸುರಿದು, ಸಾಕೆಂದರೂ ಬಿಡದೆ ಉಣಿಸಿದಳು.