ಬಿಸಿ ಮುದ್ದೆಯ ಹೊತ್ತು

ಮಂಡ್ಯದ ಡಾಕ್ಟರು ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ರಕ್ತ ಕಮ್ಮಿ ಇದೆ. ಏನು ತಿನ್ನಿಸ್ತೀರಮ್ಮ ಮಗೂಗೆ?" ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ರಾಗಿ ಬೆಳೆಯುವ ಮನೆಯ ಸೊಸೆ ನಾನು. ಹನ್ನೆರಡು ವರ್ಷದ ನನ್ನ ಹುಡುಗಿ ಸಂಜೆ ತಿನ್ನುತ್ತಿದ್ದದ್ದು ಬೇಕರಿ ಪಫ್ಸು, ರಾತ್ರಿಗೆ ಪ್ಯಾಕೆಟ್ ನೂಡಲ್ಸು. ದಿನಾ ಮದ್ದೂರಿನಿಂದ ಮಳವಳ್ಳಿಗೆ ಬಸ್ಸು ಹತ್ತಿ, ಕಚೇರಿಯ ಫೈಲುಗಳ ಜೊತೆ ಗುದ್ದಾಡಿ, ಏಳಕ್ಕೆ ಮನೆ ಸೇರುವವಳ ಕೈಲಿ ಇನ್ನೇನಾದೀತು ಎಂದು ನನಗೆ ನಾನೇ ವಕೀಲಿಕೆ ಮಾಡಿಕೊಂಡಿದ್ದೆ. ಅವತ್ತು ವಾಪಸ್ಸು ಬರುವ ಬಸ್ಸಿನಲ್ಲಿ ಆ ವಕೀಲಿಕೆ ನಡೆಯಲಿಲ್ಲ. ಮಗಳು ನನ್ನ ಹೆಗಲಿಗೆ ಒರಗಿ ನಿದ್ದೆಹೋಗಿದ್ದಳು. ಬಿಳಿಚಿದ ಅವಳ ಉಗುರು ನೋಡಿ ಭಯವಾಯಿತು.

ಮನೆಗೆ ಬಂದವಳೇ ಕಾನೂನು ಹೊರಡಿಸಿದೆ. ಎಂಟಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರಬೇಕು. ಟಿವಿ ಬಂದ್, ಮೊಬೈಲು ಫ್ರಿಜ್ಜಿನ ಮೇಲೆ, ತಟ್ಟೆಗೆ ಮುದ್ದೆ, ಸೊಪ್ಪಿನ ಸಾರು. ಎಷ್ಟು ದಿನ ನಡೆಯುತ್ತೋ ನೋಡೋಣ ಎಂಬಂತೆ ಗಂಡ ನಕ್ಕರು. ಅತ್ತೆ ಮಾತ್ರ, "ಈಗ್ಲಾದ್ರೂ ಬುದ್ಧಿ ಬಂತಲ್ಲ ಬುಡು," ಎಂದರು.

ನಮ್ಮ ಕಡೆ ಮುದ್ದೆ ಒಲೆಯಿಂದ ನೇರ ತಟ್ಟೆಗೆ ಬರಬೇಕು. ಆರಿದ್ದನ್ನು ಬಡಿಸಿದರೆ ಉಣ್ಣುವವರಿಗೆ ಅವಮಾನ. ಹಾಗಾಗಿ ಅವರು ಕೂತ ಮೇಲೆಯೇ ನಾನು ಒಲೆ ಮೇಲಿನ ಹಿಟ್ಟನ್ನು ಕೋಲಿನಿಂದ ತೊಳಸಿ, ಕೈ ಒದ್ದೆ ಮಾಡಿಕೊಂಡು ಕಟ್ಟಿ, ಒಂದೊಂದಾಗಿ ಒಯ್ದು ಹಾಕುತ್ತಿದ್ದೆ. ಆಮೇಲೆ ಸಾರು, ಉಪ್ಪು, ಗಂಡನಿಗೆ ಇನ್ನರ್ಧ. ನನ್ನ ತಟ್ಟೆ ಅಡುಗೆಕಟ್ಟೆಯ ಮೇಲೆ. ನಿಂತಲ್ಲೇ ನಾಲ್ಕು ತುತ್ತು ಸಾರಿಗೆ ಅದ್ದಿ ನುಂಗುತ್ತಿದ್ದೆ. ಮುದ್ದೆಯನ್ನು ಹೇಗೂ ಅಗಿಯುವ ಹಾಗಿಲ್ಲ, ಅದೊಂದು ಅನುಕೂಲ. ನುಂಗುತ್ತಲೇ ನಾಳೆಯ ಕಾಳು ನೆನೆಹಾಕುವುದು, ಯೂನಿಫಾರಮ್ಮು ಒಗೆಯುವುದು, ಬೆಳಗಿನ ಬಸ್ಸು. ತಲೆಯಲ್ಲಿ ಇವು ಸಾಲುಗಟ್ಟಿ ನಿಂತಿರುತ್ತಿದ್ದವು.

ಎಲ್ಲರೂ ಉಂಡರು, ಯಾರಿಗೋಸ್ಕರ ಇಷ್ಟೆಲ್ಲ ಶುರುವಾಯಿತೋ ಅವಳೊಬ್ಬಳನ್ನು ಬಿಟ್ಟು. ಮುದ್ದೆಯನ್ನು ಬೆರಳಲ್ಲಿ ಕುಕ್ಕಿ, ಅರ್ಧ ಬಿಟ್ಟು ಏಳುತ್ತಿದ್ದಳು. ರಮಿಸಿದೆ, ಬೈದೆ, ತುಪ್ಪ ಹಾಕಿದೆ. ಹತ್ತು ದಿನ ಕಳೆದ ಮೇಲೆ ತಾಳ್ಮೆ ಕೆಟ್ಟಿತು. ಹಿಟ್ಟಿನ ಕೋಲು ಹಿಡಿದುಕೊಂಡೇ ಹೊರಗೆ ಬಂದು ಕೂಗಾಡಿದೆ. "ನಿಂಗೋಸ್ಕರ ತಾನೇ ಕಣೇ ನಾನಿಷ್ಟು ಸಾಯ್ತಿರೋದು! ತಿನ್ನೋಕೇನು ರೋಗ?"

ಅವಳು ಅಳಲಿಲ್ಲ. "ಎಲ್ರೂ ಒಟ್ಟಿಗೆ ಅಂದ್ಯಲ್ಲಮ್ಮ, ನೀನೆಲ್ಲಿ ಕೂತಿದ್ದೀಯ? ನೀನು ಒಳಗೆ ದಡಬಡ ಅಂತಿದ್ರೆ ನಂಗೂ ಬೇಗ ಎದ್ದೋಗ್ಬೇಕು ಅನ್ಸುತ್ತೆ. ಗಂಟ್ಲಲ್ಲಿ ಇಳಿಯಲ್ಲ," ಎಂದಳು.

"ನಾನು ಕೂತ್ರೆ ಮುದ್ದೆ ಕಟ್ಟೋರು ಯಾರು?" ಎಂದೆ. ನನ್ನ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಜಾಸ್ತಿ ಇತ್ತು.

ಅತ್ತೆ ತಟ್ಟೆಯಿಂದ ಕಣ್ಣೆತ್ತದೆ, "ನಾನು ಕುಂತ್ಕಂಡು ಬಿಸಿ ಊಟ ಉಂಡಿದ್ದು ಬಾಣಂತನದಲ್ಲಿ ಮಾತ್ರ ಕಣಮ್ಮ. ಎಲ್ಡೇ ಸಲ," ಎಂದರು. ನಾಲ್ಕೂರಿಗೆ ಕೇಳುವಂತೆ ಮಾತಾಡುವ ಹೆಂಗಸು ಅಷ್ಟು ಮೆಲ್ಲಗೆ ಆಡಿದ್ದನ್ನು ನಾನು ಕೇಳಿರಲಿಲ್ಲ.

ಗಂಡ ಎದ್ದರು. ನನ್ನ ಕೈಯಿಂದ ಕೋಲು ತೆಗೆದುಕೊಂಡು ಒಳಗೆ ಹೋದರು. ನಾನು ಮಗಳ ಪಕ್ಕ ಕೂತೆ. ಕಾಲು ಮಡಿಸಿದ್ದೆನೇ ಹೊರತು ಮೈ ಇನ್ನೂ ನಿಂತೇ ಇತ್ತು. ಒಳಗೆ ಪಾತ್ರೆ ಜಾರಿದ ಸದ್ದು, ಸೀದ ವಾಸನೆ. ಕೊನೆಗೆ ನಮ್ಮ ಮೂವರ ತಟ್ಟೆಗೆ ಬಂದ ಮುದ್ದೆ ಸೊಟ್ಟಗಿತ್ತು. ಮುರಿದರೆ ಒಳಗೆ ಹಸಿಹಿಟ್ಟಿನ ಗಂಟು. ಅತ್ತೆ ಗಂಟಿನ ಸಮೇತ ನುಂಗಿದರು. ನನಗೆ ತಡೆಯಲಾಗಲಿಲ್ಲ, ಇನ್ನೊಂದು ಸಲ ತೊಳಸಿಬಿಡೋಣ ಎಂದು ಏಳಹೋದೆ.

ಸೆರಗು ಜಗ್ಗಿತು. ಮಗಳು ಅದರ ತುದಿಯನ್ನು ಮಂಡಿಯ ಕೆಳಗೆ ಒತ್ತಿ ಹಿಡಿದು, ಗಂಟುಮುದ್ದೆಯ ಎರಡನೇ ತುತ್ತನ್ನು ಸಾರಿಗೆ ಅದ್ದುತ್ತಿದ್ದಳು.